ಸುಳಿ ಮುರಿದ ಕ್ರಿಸ್‌ಮಸ್ ಮರ

ಮೊದಲು ಈ ಕ್ಲಿಪ್ ನೋಡಿಬಿಡಿ. ಹೋದ ವರ್ಷದ್ದು. ನಮ್ಮ ಚಿಕ್ಕೋನು ಅವರಪ್ಪನ ಹೆಗಲ ಮೇಲೆ ಕೂತ್ಕೊಂಡು ಮರದ ತುದಿಗೆ ನಕ್ಷತ್ರ ಸಿಕ್ಕಿಸ್ತಿದ್ದಾನೆ. ತಗಡಿನ ನಕ್ಷತ್ರ, ಕೈಗೆ ಭಾರ ಗೊತ್ತಾಗುವಂಥದ್ದು. ನಾವೆಲ್ಲ ಚಪ್ಪಾಳೆ ತಟ್ತಿದ್ದೀವಿ. ಆ ಚಪ್ಪಾಳೆ ಮಧ್ಯೆ ‘ಟಕ್’ ಅಂತ ಒಂದು ಸಣ್ಣ ಸದ್ದಿದೆ, ಕಿವಿಗೊಟ್ಟು ಕೇಳಿ. ಆವತ್ತು ನಮಗ್ಯಾರಿಗೂ ಅದು ಕೇಳಿಸ್ಲೇ ಇಲ್ಲ.

ಜನವರಿ ಶುರುವಲ್ಲಿ ಬರೋ ಮೂರು ರಾಯರ ಹಬ್ಬ ಮುಗಿಸಿ ಅಲಂಕಾರ ಬಿಚ್ಚುವಾಗ ನೋಡಿದ್ರೆ ತುದಿ ಕಂದುಬಣ್ಣಕ್ಕೆ ತಿರುಗಿ ಜೋತುಬಿದ್ದಿತ್ತು. ಕುಂಡ ಎತ್ಕೊಂಡು ಹೋಗಿ ತಾರಸಿ ಮೂಲೇಲಿಟ್ವಿ. ಆಮೇಲೆ, ನಿಜ ಹೇಳ್ಬೇಕಂದ್ರೆ, ಮರೆತೇಬಿಟ್ವಿ.

ಈಗ ಈ ವರ್ಷಕ್ಕೆ ಬರೋಣ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರ, ಚರ್ಚಲ್ಲಿ ಬೆಳಗಿನ ಪೂಜೆ ಮುಗಿಸ್ಕೊಂಡು ಸೀದಾ ನರ್ಸರಿ ಕಡೆ ಹೊರಟಿದ್ದೀವಿ. ಕಾರೊಳಗೆ ಜಗಳ ಆಗಲೇ ಶುರು. ದೊಡ್ಡೋಳಿಗೆ ಆರು ವರ್ಷ, ಅವಳಿಗೆ ಮಾಲ್‌ನಲ್ಲಿ ನೋಡಿದ ಬಿಳೀ ಮರ ಬೇಕು, ಹಿಮ ಬಿದ್ದ ಹಾಗಿರೋದು. ಮೂರೂವರೆ ವರ್ಷದ ಚಿಕ್ಕೋನಿಗೆ ‘ದೊಡ್ಡದು’ ಬೇಕು, ಅಷ್ಟೇ, ಬೇರೇನೂ ಷರತ್ತಿಲ್ಲ. ನಮ್ಮನೆಯವರಿಗೆ ಡಿಕ್ಕಿಯೊಳಗೆ ಹಿಡಿಸಿದ್ರೆ ಸಾಕು. ನನಗೇನು ಬೇಕು ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೂ ಅದು ನರ್ಸರೀಲಿ ಸಿಗೋದಲ್ಲ ಬಿಡಿ.

ನನಗೆ ಬೇಕಾಗಿದ್ದು ಸರ್ವೆ ಮರ. ಕನಕಪುರ ರಸ್ತೆ ಕಡೆ ನಮ್ಮೂರು. ಡಿಸೆಂಬರ್ 23ಕ್ಕೋ 24ಕ್ಕೋ ಅಪ್ಪ ಸರ್ವೆ ತೋಪಿಂದ ಒಂದು ತುದಿ ಕಡಿಸಿ, ಸೈಕಲ್ ಕ್ಯಾರಿಯರ್‌ಗೆ ಕಟ್ಕೊಂಡು ಬರೋರು. ಹಿಂದುಗಡೆ ಎಳೆಗಳು ರಸ್ತೆ ಗುಡಿಸ್ತಾ ಬರ್ತಿದ್ವು. ಎಣ್ಣೆ ಡಬ್ಬಕ್ಕೆ ಮರಳು ತುಂಬಿಸಿ ಅದನ್ನ ನಿಲ್ಲಿಸೋದು. ಪಕ್ಕದಲ್ಲೇ ಬಾಲಯೇಸುವಿನ ಗೋದಲಿ, ಅದರ ಸುತ್ತ ತಟ್ಟೆಗಳಲ್ಲಿ ಹಸಿರಾಗಿ ಎದ್ದ ರಾಗಿ ಮೊಳಕೆ. ಹಿಮ ಅಂದ್ರೆ ನಮಗೆ ಹತ್ತಿ, ಅದೂ ಅಜ್ಜಿ ದೀಪದ ಬತ್ತಿಗೆ ಇಟ್ಕೊಂಡಿದ್ದ ಹತ್ತೀನೇ.

ಸರ್ವೆ ಎಳೆ ನೀವು ಯಾವತ್ತಾದ್ರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಸೂಜಿ ಥರ ಉದ್ದಕ್ಕಿರುತ್ತೆ, ಎಲೆ ಅನ್ಕೋತೀವಿ, ಆದ್ರೆ ಅದು ಎಲೆಯಲ್ಲ, ಸಣ್ಣ ರೆಂಬೆ. ಬಿದಿರಿಗಿರೋ ಹಾಗೆ ಉದ್ದಕ್ಕೂ ಗೆಣ್ಣು. ನಿಜವಾದ ಎಲೆ ಆ ಗೆಣ್ಣಿನ ಸುತ್ತ ಇರುವೆ ಹಲ್ಲಿನಷ್ಟು ಚಿಕ್ಕದಾಗಿ ಕೂತಿರುತ್ತೆ. ಒಂದು ಗೆಣ್ಣಲ್ಲಿ ಮೆಲ್ಲಗೆ ಕಿತ್ತು, ಮತ್ತೆ ಅಲ್ಲೇ ಸಿಕ್ಕಿಸಿ, ‘ಎಲ್ಲಿ ಮುರಿದಿದ್ದೀನಿ ಹೇಳು’ ಅಂತ ತಂಗಿ ಮುಂದೆ ಹಿಡಿಯೋದು. ಮಧ್ಯರಾತ್ರಿ ಪೂಜೆಗೆ ಹೊರಡೋ ತನಕ ನಿದ್ದೆ ತಡೆಯೋಕೆ ನಮಗಿದ್ದ ಆಟ ಅದೊಂದೇ. ಹಬ್ಬದ ಮಾರನೇ ದಿನಕ್ಕೆ ಮರ ಅರ್ಧ ಬೋಳಾಗಿರ್ತಿತ್ತು. ಅಮ್ಮ ಬೈಕೊಂಡೇ ಗುಡಿಸೋಳು.

ಸರಿ, ನರ್ಸರಿ ಬಂತು. ಇಲ್ಲಿ ಕ್ಯಾಮೆರಾ ಅಲ್ಲಾಡ್ತಾ ಇದೆ, ಕ್ಷಮಿಸಿ, ಒಂದು ಕೈಯಲ್ಲಿ ಚಿಕ್ಕೋನನ್ನ ಹಿಡ್ಕೊಂಡಿದ್ದೆ. ಹಳದಿ ಹಸಿರು ಬಣ್ಣದ್ದು ಗೋಲ್ಡನ್ ಸೈಪ್ರೆಸ್. ಎಲೆ ಉಜ್ಜಿದ್ರೆ ನಿಂಬೆಹಣ್ಣಿನ ವಾಸನೆ. ದೊಡ್ಡೋಳು ಉಜ್ಜಿ ಉಜ್ಜಿ ಮೂಸಿದ್ಲು, ‘ಇದು ಪಾತ್ರೆ ಸೋಪು’ ಅಂತ ತೀರ್ಪು ಕೊಟ್ಲು. ಅದು ಅಲ್ಲಿಗೆ ಮುಗೀತು. ಆ ಕಡೆ ಸಾಲಾಗಿ ಇರೋದೆಲ್ಲ ಅರಕೇರಿಯಾ. ಇಲ್ಲೆಲ್ಲ ‘ಕ್ರಿಸ್‌ಮಸ್ ಗಿಡ’ ಅಂದ್ರೆ ಹೆಚ್ಚಿನವರು ಕೊಡೋದು ಇದನ್ನೇ. ಛತ್ರಿ ಕಡ್ಡಿ ಥರ ಸುತ್ತಲೂ ಕೊಂಬೆ, ಅಂತಸ್ತಿನ ಮೇಲೆ ಅಂತಸ್ತು.

ಲಾಲ್‌ಬಾಗಲ್ಲಿ ಕಂಬ ನೆಟ್ಟ ಹಾಗೆ ಎತ್ತರಕ್ಕೆ ನಿಂತಿರ್ತವಲ್ಲ, ಅದೇ ಕುಲ. 1774ರಲ್ಲಿ ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್ ಹಡಗು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಡೆ ಹೋದಾಗ ದಡದಲ್ಲಿ ಇವು ಕಾಣಿಸಿದ್ವಂತೆ. ಹಡಗಿನಲ್ಲಿದ್ದ ಪಂಡಿತರು ‘ಕಲ್ಲಿನ ಕಂಬ’ ಅಂದ್ರು, ಕುಕ್ ‘ಅಲ್ಲ, ಮರ’ ಅಂದ. ಹತ್ತಿರ ಹೋಗಿ ನೋಡಿದ್ರೆ ಮರಾನೇ. ಇಷ್ಟು ಕಥೆ ಹೇಳಿದ್ದಕ್ಕೆ ಚಿಕ್ಕೋನು ಎದ್ದು ಹೋಗಿ ಒಂದೊಂದು ಕಾಂಡಾನೂ ತಟ್ಟಿ, ‘ಮರ. ಇದೂ ಮರ’ ಅಂತ ಖಾತ್ರಿ ಮಾಡ್ಕೊಂಡ.

ದೊಡ್ಡೋಳು ಆರಿಸಿದ್ದು ವಾಲಿರೋ ಗಿಡ. ನೆಟ್ಟಗಿರೋದು ಹತ್ತು ಬಿಟ್ಟು ಇದೇ ಬೇಕಂತೆ, ‘ಇದು ನಮಗೆ ನಮಸ್ಕಾರ ಮಾಡ್ತಿದೆ’ ಅಂತ. ಬಿಸಿಲಿಗೆ ವಾಲಿದೆ, ವಾರಕ್ಕೊಂದ್ಸಲ ಕುಂಡ ತಿರುಗಿಸಿದ್ರೆ ಸರಿಹೋಗುತ್ತೆ ಅಂದ್ರು ನರ್ಸರಿ ತಾತ. ಅಂದ ಹಾಗೆ, ಕುಕ್ ಹೆಸರಿನ ಈ ದೊಡ್ಡ ಮರಗಳೂ ನೆಟ್ಟಗಿರಲ್ಲ. ಐದು ಖಂಡಗಳಲ್ಲಿ 256 ಮರ ಅಳೆದು 2017ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ: ಎಲ್ಲೇ ನೆಟ್ರೂ ಇವು ಹೆಚ್ಚಾಗಿ ಭೂಮಧ್ಯ ರೇಖೆ ಕಡೆಗೇ ವಾಲ್ತವೆ. ಅಂದ್ರೆ ನಮ್ಮ ಕಡೆಯವು ದಕ್ಷಿಣಕ್ಕೆ. ಮುಂದಿನ ಸಲ ಲಾಲ್‌ಬಾಗಿಗೆ ಹೋದಾಗ ಫೋನ್‌ನಲ್ಲಿ ದಿಕ್ಸೂಚಿ ತೆಗೆದು ನೋಡಿ.

650 ಹೇಳಿದ್ರು, 550ಕ್ಕೆ ಬಂತು. ದುಡ್ಡು ಕೊಡುವಾಗ ಹಳೇ ಗಿಡದ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ. ತಾತ ಚಿಲ್ಲರೆ ಎಣಿಸೋದನ್ನ ನಿಲ್ಲಿಸಿದ್ರು. ‘ಸುಳಿ ಮುರಿದ್ರಾ ಅಮ್ಮಾ?’ ಅಂದ್ರು. ಬೈದಿದ್ರೂ ಅಷ್ಟು ಬೇಜಾರಾಗ್ತಿರ್ಲಿಲ್ಲ. ತೆಂಗಿಗೆ ಸುಳಿ ಹೋದ್ರೆ ಜೀವ ಹೋದ ಹಾಗೆ, ಇದು ಸಾಯಲ್ಲ, ಆದ್ರೆ ಅಂದ ಹೋಗುತ್ತೆ ಅಂದ್ರು. ಪಕ್ಕದ ಕೊಂಬೆ ಕತ್ತರಿಸಿ ನೆಟ್ರೂ ಪ್ರಯೋಜನ ಇಲ್ಲವಂತೆ. ಬೇರು ಬಿಟ್ರೂ ಅದು ಕೊಂಬೆ ಹಾಗೆ ಅಡ್ಡಡ್ಡವೇ ಬೆಳೆಯೋದು, ಮೇಲಕ್ಕೇಳಲ್ಲ. ‘ಈ ಸಲ ತುದಿಗೆ ಏನೂ ಸಿಕ್ಕಿಸಬೇಡಿ.’

ಮನೇಗೆ ಬಂದ್ಮೇಲೆ ಅದೇ ದೊಡ್ಡ ಸಮಸ್ಯೆ. ನಕ್ಷತ್ರ ಇಲ್ದೆ ಕ್ರಿಸ್‌ಮಸ್ ಮರವಾ? ದೊಡ್ಡೋಳು ಅಳೋಕೆ ರೆಡಿ. ಆಗ ನಮ್ಮತ್ತೆ ಸೋಫಾ ಮೇಲೆ ಕರ್ಜಿಕಾಯಿಗೆ ಕೊಬ್ಬರಿ ತುರೀತಾ ಇದ್ದವರು ತಲೆ ಎತ್ತಿ ಸೂರು ತೋರಿಸಿದ್ರು. ತೊಟ್ಟಿಲ ಕೊಕ್ಕೆ! ಇಬ್ಬರೂ ಮಲಗಿದ ತೊಟ್ಟಿಲು ಅಟ್ಟಕ್ಕೆ ಹೋಗಿ ಎರಡು ವರ್ಷ ಆಯ್ತು, ಕೊಕ್ಕೆ ಹಾಗೇ ಇದೆ. ಅದಕ್ಕೊಂದು ದಾರ ಕಟ್ಟಿ, ಕಾಗದದ ನಕ್ಷತ್ರ ಇಳಿಬಿಟ್ವಿ. ಸುಳಿಗೂ ನಕ್ಷತ್ರಕ್ಕೂ ಮಧ್ಯೆ ಒಂದು ಬೆರಳಷ್ಟು ಜಾಗ. ದೂರದಿಂದ ನೋಡಿದ್ರೆ ತುದೀಲೇ ಕೂತ ಹಾಗೆ ಕಾಣುತ್ತೆ. ಒಂದೇ ತೊಂದರೆ: ಕೊಕ್ಕೆ ಇರೋದು ಹಾಲ್ ನಟ್ಟನಡುವೆ. ಹಾಗಾಗಿ ಮರಾನೂ ನಟ್ಟನಡುವೆ. ಡಿಸೆಂಬರ್ ಪೂರ್ತಿ ಅಡುಗೆಮನೇಗೆ ಹೋಗೋರೆಲ್ಲ ಪ್ರದಕ್ಷಿಣೆ ಹಾಕ್ಕೊಂಡೇ ಹೋಗ್ಬೇಕು. ಟೀವಿ ಅಂತೂ ಎಲೆ ಸಂದೀಲೇ.

ಅರಕೇರಿಯಾ ಕೊಂಬೆ ತುಂಬಾ ಮೆದು. ಗಾಜಿನ ಚೆಂಡು ತೂಗಿಸಿದ್ರೆ ಬಾಗಿ ನೆಲಕ್ಕೆ ಬರುತ್ತೆ. ಅದಕ್ಕೇ ಈ ಸಲ ಎಲ್ಲ ಕಾಗದದ್ದು. ಹೊಸದೇನಲ್ಲ: 1605ರ ಸುಮಾರಿಗೆ ಯುರೋಪಿನ ಸ್ಟ್ರಾಸ್‌ಬರ್ಗ್ ಊರಲ್ಲಿ ಮನೆಯೊಳಗೆ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ ಕಟ್ತಿದ್ರು ಅಂತ ದಾಖಲೆ ಇದೆ. ನಾವು ಸೇಬು ಬಿಟ್ವಿ. ಕ್ರೇಪ್ ಪೇಪರ್ ಪಟ್ಟಿ ಸುತ್ತಿ ಬುಡಕ್ಕೆ ದಾರ ಬಿಗಿದ್ರೆ ಗುಲಾಬಿ. ದೊಡ್ಡೋಳು ಹನ್ನೊಂದು ಮಾಡಿದ್ಲು. ಚಿಕ್ಕೋನು ಒಂದೇ ಮಾಡಿದ್ದು, ಅದನ್ನ ನೆಂದ ಕೈಯಲ್ಲಿ ಹಿಂಡಿಬಿಟ್ಟಿದ್ದರಿಂದ ಬಣ್ಣವೆಲ್ಲ ಅಂಗೈಗೆ. ಆಮೇಲೆ ಆ ಅಂಗೈ ಗೋಡೆಗೆ. ಬಾಡಿಗೆ ಮನೆ, ಮಾಲೀಕರು ಈ ವಿಡಿಯೋ ನೋಡದಿರಲಿ. ಸೀರಿಯಲ್ ಸೆಟ್ ಒಂದೇ ಸುತ್ತು, ಅದೂ ರಾತ್ರಿ ಊಟದ ಹೊತ್ತಿಗೆ ಮಾತ್ರ.

ಈಗ ಕೊನೇ ಕ್ಲಿಪ್. ಚಿಕ್ಕೋನು ತನ್ನ ಹಿಂಡಿದ ಗುಲಾಬಿ ಹಿಡ್ಕೊಂಡು ತಾರಸಿ ಮೆಟ್ಟಿಲು ಹತ್ತುತ್ತಿದ್ದಾನೆ. ಹೊಸ ಮರಕ್ಕೆ ಕಟ್ಟಲ್ಲವಂತೆ, ‘ಅದಕ್ಕೆ’ ಕಟ್ಟಬೇಕಂತೆ. ಅದಕ್ಕೆ ಅಂದ್ರೆ ಯಾವುದಕ್ಕೆ ಅಂತ ನನಗೆ ಅರ್ಧ ಮೆಟ್ಟಿಲು ಹತ್ತಿದ ಮೇಲೆ ಹೊಳೀತು. ಬಟ್ಟೆ ಒಣಗಿಸೋ ತಂತಿ ಕೆಳಗೆ, ಮೂಲೇಲಿ, ಮಳೆನೀರು ಕುಡ್ಕೊಂಡೇ ಇಡೀ ವರ್ಷ ಕಳೆದಿದೆ. ಹತ್ತಿರ ತೋರಿಸ್ತೀನಿ ನೋಡಿ. ಇಲ್ಲಿ, ಮುರಿದ ಜಾಗದಿಂದ ಒಂದು ಗೇಣು ಕೆಳಗೆ, ಕಾಂಡದಲ್ಲೇ. ಎಳೇ ಹಸಿರು. ಒಂದಲ್ಲ, ಎರಡು.

ಫೋಟೋ ತೆಗೆದು ತಾತನಿಗೆ ವಾಟ್ಸಾಪ್ ಮಾಡಿದೆ. ‘ಎರಡು ಸುಳಿ ಬಂದಿದೆ ಅಮ್ಮಾ. ಒಂದು ಬಿಟ್ಕೊಂಡು ಇನ್ನೊಂದು ಚಿವುಟಿಹಾಕಿ’ ಅಂತ ವಾಯ್ಸ್ ಮೆಸೇಜ್ ಬಂತು. ಸ್ಪೀಕರ್‌ನಲ್ಲಿ ಹಾಕಿದ್ದು ನಂದೇ ತಪ್ಪು. ಅಷ್ಟರೊಳಗೆ ಎಡಗಡೆದು ಅಕ್ಕನದು, ಬಲಗಡೆದು ತಮ್ಮನದು ಅಂತ ಪಾಲಾಗಿಹೋಗಿತ್ತು. ಇವತ್ತಿಗೆ ಎಂಟು ದಿನ. ಇನ್ನೂ ಯಾರೂ ಚಿವುಟಿಲ್ಲ.