ಆಫೀಸಿನಲ್ಲಿ ಒಂದು ಪುಟದ ಪ್ರಿಂಟ್‌ಗೆ ನಿಜಕ್ಕೂ ಎಷ್ಟು ಬೀಳುತ್ತದೆ?

ನಮಸ್ಕಾರ. ಪ್ರಿಂಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ಮಷೀನ್ ರೇಟ್ ಎಷ್ಟು ಅಂತ. ಕೇಳಬೇಕಾದ್ದು ಅದಲ್ಲ. ಒಂದು ಪುಟಕ್ಕೆ ಎಷ್ಟು ಬೀಳುತ್ತದೆ ಅಂತ ಕೇಳಿ.

[ಪರದೆ ಮೇಲೆ: ಕಾರ್ಟ್ರಿಜ್, ಪಕ್ಕದಲ್ಲಿ ಶಾಯಿ ಬಾಟಲಿ]

ಎಷ್ಟೋ ಆಫೀಸುಗಳಲ್ಲಿ ಇವತ್ತಿಗೂ ಓಡುತ್ತಿರುವ ಎಚ್‌ಪಿ 1020 ಲೇಸರ್ ಪ್ರಿಂಟರ್ ಇದೆಯಲ್ಲ, ಅದರ 12ಎ ಕಾರ್ಟ್ರಿಜ್‌ನಲ್ಲಿ ಕಂಪನಿ ಲೆಕ್ಕದ ಪ್ರಕಾರ ಸುಮಾರು 2000 ಪುಟ ಬರುತ್ತದೆ. ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರ್‌ಗೆ ಸುರಿಯುವ 003 ಕಪ್ಪು ಶಾಯಿಯ 65 ಮಿಲಿ ಬಾಟಲಿಯಲ್ಲಿ 4500. ಬಾಟಲಿಗೆ 450 ರೂಪಾಯಿ ಅಂತ ಇಟ್ಟುಕೊಂಡರೆ ಪುಟಕ್ಕೆ ಹತ್ತೇ ಪೈಸೆ. ಇವೆಲ್ಲ ಮಾದರಿ ಪುಟಗಳ ಲೆಕ್ಕ, ದೊಡ್ಡ ಲೋಗೋ, ಫೋಟೋ ಹಾಕಿದರೆ ಇಷ್ಟು ಬರುವುದಿಲ್ಲ.

ಈಗ ಕಾಗದ ನೋಡಿ. 500 ಹಾಳೆಯ ಎ4 ಬಂಡಲ್ 300 ರೂಪಾಯಿ ಅಂದುಕೊಳ್ಳಿ. ಹಾಳೆಗೆ 60 ಪೈಸೆ. ಶಾಯಿಯ ಆರು ಪಟ್ಟು! ಹಾಗಾಗಿ ಇಂಕ್ ಟ್ಯಾಂಕ್ ತಂದ ಮೇಲೆ ದುಡ್ಡು ಉಳಿಯುವುದು ಹಾಳೆಯ ಎರಡೂ ಬದಿ ಪ್ರಿಂಟ್ ಮಾಡಿದರೇನೇ. ಆಟೋ ಡ್ಯುಪ್ಲೆಕ್ಸ್, ಅಂದರೆ ಹಾಳೆಯನ್ನು ತಾನೇ ತಿರುಗಿಸಿ ಎರಡೂ ಬದಿ ಪ್ರಿಂಟ್ ಮಾಡುವ ಸೌಲಭ್ಯ ಇರುವುದನ್ನೇ ತೊಗೊಳ್ಳಿ, ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಡಿಫಾಲ್ಟ್ ಮಾಡಿ. ಕೈಯಲ್ಲಿ ತಿರುಗಿಸಿ ಹಾಕಿ ಅಂದರೆ ಜನ ಎರಡು ದಿನ ಮಾಡಿ ಬಿಟ್ಟುಬಿಡುತ್ತಾರೆ, ಅಲ್ವಾ?

ಕರೆಂಟ್ ವಿಷಯ. ಲೇಸರ್ ಪ್ರಿಂಟರ್ ಟೋನರ್ ಪುಡಿಯನ್ನು ಬಿಸಿ ಮಾಡಿ ಹಾಳೆಗೆ ಅಂಟಿಸುತ್ತದೆ, ಹಾಳೆ ಬೆಚ್ಚಗೆ ಹೊರಬರುವುದು ಅದಕ್ಕೇ. ಇದಕ್ಕೆ ನೂರಾರು ವಾಟ್ ಬೇಕು, ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಸಿಕ್ಕಿಸಲೇಬೇಡಿ. ಇಂಕ್ ಟ್ಯಾಂಕ್‌ಗೆ ಹತ್ತಿಪ್ಪತ್ತು ವಾಟ್ ಸಾಕು. ಹಾಗಂತ ಎಲ್ಲರಿಗೂ ಅದೇ ಸರಿ ಅಂತಲ್ಲ. ತಿಂಗಳಿಗೊಮ್ಮೆ ಪ್ರಿಂಟ್ ತೆಗೆಯುವವರಿಗೆ ಲೇಸರೇ ವಾಸಿ, ಪುಡಿ ಒಣಗುವುದಿಲ್ಲ. ಇಂಕ್ ಟ್ಯಾಂಕ್ ಸುಮ್ನೆ ಕೂತರೆ ಶಾಯಿ ಒಣಗಿ, ಅದನ್ನು ಹಾಳೆಗೆ ಚಿಮ್ಮಿಸುವ ಹೆಡ್ ಕಟ್ಟಿಕೊಳ್ಳುತ್ತದೆ.

[ಪರದೆ ಮೇಲೆ: ಬೀರು ತುಂಬ ಫೈಲು]

ನನ್ನ ಪ್ರಕಾರ ಜಾಸ್ತಿ ಲಾಭ ಇರುವುದು ಸ್ಕ್ಯಾನಿಂಗ್‌ನಲ್ಲಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ವರ್ಷದ ಫೈಲುಗಳಲ್ಲಿ ಒಂದು ಬಿಲ್ ಹುಡುಕಲು ಅರ್ಧ ದಿನ ಹೋದರೆ ಆ ಸಂಬಳವೂ ಖರ್ಚೇ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಡಿಎಫ್ ಇರುವ ಸ್ಕ್ಯಾನರ್ ಆದರೆ ಕಟ್ಟು ಇಟ್ಟು ಬಟನ್ ಒತ್ತಿದರೆ ಸಾಕು, ಒಂದೊಂದೇ ಹಾಳೆಯನ್ನು ಅದೇ ಎಳೆದುಕೊಳ್ಳುತ್ತದೆ. ಮೊದಲು ಸ್ಟೇಪ್ಲರ್ ಪಿನ್ ಮಾತ್ರ ತೆಗೆದುಬಿಡಿ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಸಾಕು, 600 ಇಟ್ಟರೆ ಚುಕ್ಕೆಗಳು ನಾಲ್ಕು ಪಟ್ಟಾಗಿ ಫೈಲು ಸುಮ್ನೆ ಊದಿಕೊಳ್ಳುತ್ತದೆ.

ಆಮೇಲೆ ಒಸಿಆರ್ ಹಾಕಿ. ಚಿತ್ರದಲ್ಲಿರುವ ಅಕ್ಷರಗಳನ್ನು ಅದು ಹುಡುಕಲು ಸಿಗುವ ಪಠ್ಯವಾಗಿ ಮಾಡುತ್ತದೆ. ಟೆಸರಾಕ್ಟ್ ಎಂಬ ಉಚಿತ ಸಾಫ್ಟ್‌ವೇರ್ ಕನ್ನಡವನ್ನೂ ಓದುತ್ತದೆ, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪುವುದುಂಟು. ಕೈಬರಹದ ವೋಚರ್‌ಗೆ ಮಾತ್ರ ಇದನ್ನು ನಂಬಬೇಡಿ, ಫೈಲಿನ ಹೆಸರಿನಲ್ಲೇ ತಾರೀಕು, ಪಾರ್ಟಿ ಹೆಸರು ಬರೆದಿಡಿ.