ಬ್ಯಾಟರಿ ಇಲ್ಲದ ಕಿವಿ

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ.

ನಿಮ್ಮ ರೇಡಿಯೊ ಪೆಟ್ಟಿಗೆಯ ಮೇಲೆ ಒಂದು ಬೆರಳಿಡಿ. ನಾನು ಮಾತಾಡುವಾಗ ಅದು ಸಣ್ಣಗೆ ನಡುಗುತ್ತದೆ, ಅಲ್ವಾ? ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ದನಿ ಎಂದರೆ ನಡುಕ. ನಡುಕ ಸಿಕ್ಕರೆ ಮಾತು ಸಿಕ್ಕಿತು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಜನ "ಪವರ್ ಜಾಸ್ತಿ ಇರೋ ಮೈಕ್ ಕೊಡಿ" ಅನ್ನುತ್ತಾರೆ. ಪವರ್‌ನಿಂದ ಕಿವಿ ಚುರುಕಾಗುವುದಿಲ್ಲ ಸ್ವಾಮಿ. ಬ್ಯಾಟರಿಯೇ ಇಲ್ಲದೆ ಕದ್ದು ಕೇಳಿದ ಒಂದು ಕಿವಿಯ ಸಂಗತಿ ಕೇಳಿ, ಮಾಸ್ಕೋದ್ದು.

1945ರ ಆಗಸ್ಟ್. ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಒಂದು ಉಡುಗೊರೆ ಕೊಟ್ಟರು. ಹದ್ದು ಇರುವ ಅಮೆರಿಕದ ರಾಜಮುದ್ರೆ, ಸೊಗಸಾದ ಮರದ ಕೆತ್ತನೆ. ರಾಯಭಾರಿಯ ಮನೆಯ ಓದುವ ಕೋಣೆಯಲ್ಲೇ ಅದನ್ನು ತೂಗುಹಾಕಿದರು. ಹ್ಯಾರಿಮನ್ ಹೋದರು, ಅವರ ನಂತರ ಮೂವರು ಬಂದರು. ಏಳು ವರ್ಷ ಹದ್ದು ಅಲ್ಲೇ ಇತ್ತು.

ಅದರೊಳಗೆ ಒಂದು ಪುಟ್ಟ ಲೋಹದ ಡಬ್ಬಿ, ಬಾಯಿಗೆ ಬಿಗಿದ ತೆಳು ಪೊರೆ, ಒಂದು ಏರಿಯಲ್ ಕಡ್ಡಿ. ಬ್ಯಾಟರಿ ಇಲ್ಲ, ವೈರ್ ಇಲ್ಲ. ಹೊರಗೆ ಕೂತ ಸೋವಿಯತ್ ಗೂಢಚಾರರು ರೇಡಿಯೊ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಕೋಣೆಯ ಮಾತಿಗೆ ಪೊರೆ ನಡುಗುತ್ತದೆ. ವಾಪಸ್ಸು ಹೋಗುವ ಅಲೆ ಆ ನಡುಕವನ್ನು ಹೊತ್ತೊಯ್ಯುತ್ತದೆ. ಅಲೆ ನಿಂತರೆ ಅದು ಬರೀ ಡಬ್ಬಿ. ಹುಡುಕಿದರೆ ಸಿಗುವುದಾದರೂ ಹೇಗೆ? ಮಾಡಿದವರು ಲೆವ್ ಟೆರ್ಮೆನ್. ಮುಟ್ಟದೆ ನುಡಿಸುವ ಥೆರೆಮಿನ್ ವಾದ್ಯವೂ ಇವರದ್ದೇ. ಎಂಥ ತಲೆ!

1952ರಲ್ಲಿ, ಯಾರೋ ಕದ್ದು ಕೇಳುತ್ತಿದ್ದಾರೆಂಬ ಅನುಮಾನದಿಂದ, ರಾಯಭಾರಿ ಕೆನನ್ ಬೇಕೆಂದೇ ಆ ಕೋಣೆಯಲ್ಲಿ ಕೂತು, ಹಳೆಯದೊಂದು ವರದಿಯನ್ನು ಕಾರ್ಯದರ್ಶಿಗೆ ಹೇಳಿ ಬರೆಸತೊಡಗಿದರು. ಹೊರಗಿನವರು ಅಲೆ ಬಿಟ್ಟರು. ಒಳಗಿದ್ದ ತಂತ್ರಜ್ಞರಿಗೆ ಅದರ ಸುಳಿವು ಹತ್ತಿತು. ಮೊದಲು ಇಟ್ಟಿಗೆ ಗೋಡೆಯನ್ನೇ ಒಡೆದರು, ಏನೂ ಇಲ್ಲ. ಆಮೇಲೆ ಸುತ್ತಿಗೆ ಹದ್ದಿನ ಮೇಲೆ ಬಿತ್ತು. ಸಿಕ್ಕಿತು! 1960ರಲ್ಲಿ ಆ ಕೆತ್ತನೆಯನ್ನು ವಿಶ್ವಸಂಸ್ಥೆಯಲ್ಲಿ ಎಲ್ಲರೆದುರು ಬಿಚ್ಚಿ ತೋರಿಸಿದರು.

ಕೇಳಿದ್ದನ್ನು ಹಿಡಿದಿಡುವ ವಿಷಯಕ್ಕೆ ಸಮಯ ಸಾಲದು, ಬೇಗ ಹೇಳಿಬಿಡುತ್ತೇನೆ. ಡೆನ್ಮಾರ್ಕಿನ ಪೌಲ್ಸೆನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ದನಿ ದಾಖಲಿಸಿದ್ದರು. 1950ರ ದಶಕದಲ್ಲಿ ಅಂಥ ತಂತಿಯ ಯಂತ್ರ ಜರ್ಮನಿಯ ಮಿನಿಫೋನ್ ಆಗಿ ಕೋಟಿನ ಜೇಬಿಗೆ ಬಂತು. ಅದಕ್ಕೆ ಕೈಗಡಿಯಾರದಂತೆ ಕಾಣುವ ಮೈಕ್ ಬೇರೆ. ಅಲ್ಲೂ ಹಿಡಿದದ್ದು ನಡುಕವನ್ನೇ, ತಂತಿಯ ಕಾಂತಶಕ್ತಿಯಲ್ಲಿ.

ಮಾಟುಂಗಾ, ಡೊಂಬಿವಲಿ ಕಡೆಯ ಮಕ್ಕಳು ಯಾರಾದರೂ ಕೇಳುತ್ತಿದ್ದೀರಾ? ಮನೆಯಲ್ಲಿ ಕೆಟ್ಟುಹೋದ ಹಳೇ ಲ್ಯಾಂಡ್‌ಲೈನ್ ಫೋನ್ ಇದ್ದರೆ, ಅಪ್ಪ ಅಮ್ಮನನ್ನು ಕೇಳಿ, ರಿಸೀವರ್ ಬಿಚ್ಚಿ ನೋಡಿ. ಒಳಗೆ ತೆಳ್ಳನೆಯ ಒಂದು ಬಿಲ್ಲೆ ಇರುತ್ತದೆ. ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ನಮಸ್ಕಾರ.