ಮನೋವೈದ್ಯಕೀಯ ತಂಡದಲ್ಲಿ ಚೇತರಿಸಿಕೊಂಡವರಿಗೊಂದು ಹುದ್ದೆ

ಕೇಳುಗರೇ, ನಮಸ್ಕಾರ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್‌ ಇರುತ್ತಾರೆ. ಕಾಯಿಲೆಯನ್ನು ತಾವೇ ಅನುಭವಿಸಿ ಚೇತರಿಸಿಕೊಂಡು, ಈಗ ಇನ್ನೊಬ್ಬರ ಜೊತೆ ನಿಲ್ಲುವವರು, ಅಂದರೆ ಪೀರ್ ಸಪೋರ್ಟ್ ಕಾರ್ಯಕರ್ತರು, ಅಲ್ಲಿ ಬೇಕೇ ಬೇಕು. ಅಮೆರಿಕದ ಜಾರ್ಜಿಯಾದಲ್ಲಿ 1999ರಿಂದಲೇ ಇವರ ಸೇವೆಗೆ ಸರ್ಕಾರಿ ವಿಮೆಯಿಂದ ಹಣ ಸಿಗುತ್ತಿದೆ.

ಇವರ ಕೆಲಸವೇನು? ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಬಂದ ಒಬ್ಬರು ಒಲಾಂಜಪಿನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ ಅಂದುಕೊಳ್ಳಿ. ಬೆಳಿಗ್ಗೆ ಏಳಲಾಗದಷ್ಟು ಮಂಪರು, ಹೊಲದ ಕೆಲಸ ಕೆಡುತ್ತದೆ. ಡಾಕ್ಟರು ಬೈದಾರೆಂದು ಒಳಗೆ ಹೇಳುವುದಿಲ್ಲ. ಹೊರಗಿನ ಬೆಂಚಿನ ಮೇಲೆ, ಅದೇ ಮಂಪರು ಕಂಡವರು ಕೇಳಿದರೆ ಹೇಳುತ್ತಾರೆ. ಆಗ ಕಾರ್ಯಕರ್ತರು ಡೋಸಿನ ಬಗ್ಗೆ ಸಲಹೆ ಕೊಡಕೂಡದು. "ಇದನ್ನು ಡಾಕ್ಟರಿಗೆ ಹೇಳೋಣ, ನಾನೂ ಒಳಗೆ ಬರ್ತೀನಿ" ಅನ್ನಬೇಕು, ಅಷ್ಟೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ಅದನ್ನು ಕೂತು ಬರೆಸಲು ಇವರಿಗಿಂತ ತಕ್ಕವರಿಲ್ಲ.

ಕೆಡುವುದು ಎಲ್ಲಿ? ನೇಮಕಕ್ಕೆ ಮೊದಲು ಕೆಲಸದ ಪಟ್ಟಿ ಬರೆಯದಿದ್ದಲ್ಲಿ. ಪಟ್ಟಿಯಿಲ್ಲದಿದ್ದರೆ ತಿಂಗಳೊಪ್ಪತ್ತಿನಲ್ಲಿ ಅವರು ಕಡತ ಹೊರುವವರು, ಟೀ ತರುವವರು ಆಗಿಬಿಡುತ್ತಾರೆ. ಉಳಿದ ಸಿಬ್ಬಂದಿಗೂ ಮೊದಲೇ ತರಬೇತಿ ಕೊಡಿ, ಇಲ್ಲವಾದರೆ ಅವರು ಸಹೋದ್ಯೋಗಿಯನ್ನು ರೋಗಿಯೆಂದೇ ನೋಡುತ್ತಾರೆ, ಸ್ವಲ್ಪ ದನಿ ಎತ್ತಿದರೂ "ಮಾತ್ರೆ ತಗೊಂಡ್ರಾ?" ಅನ್ನುತ್ತಾರೆ. ಆ ಒಂದು ಮಾತು ಸಾಕು, ಮರುದಿನ ಅವರು ಬರುವುದಿಲ್ಲ. ಸಾಧ್ಯವಾದರೆ ಒಬ್ಬರ ಬದಲು ಇಬ್ಬರನ್ನು ಸೇರಿಸಿ. ಅವರ ಸ್ವಂತ ಚಿಕಿತ್ಸೆ ಬೇರೆ ಕಡೆ ನಡೆಯಲಿ. ಮೇಲಧಿಕಾರಿಯೇ ಅವರ ವೈದ್ಯರಾಗುವುದು ಬೇಡ. ವಾರಕ್ಕೊಂದು ಗಂಟೆ ಯಾರಾದರೂ ಹಿರಿಯರು ಅವರ ಜೊತೆ ಕೂತು, ಆ ವಾರ ಮನಸ್ಸಿಗೆ ಭಾರವಾದದ್ದನ್ನು ಕೇಳಲಿ.

ಗುಟ್ಟಿನ ವಿಷಯ. ಕೇಳಿದ್ದೆಲ್ಲ ತಂಡಕ್ಕೆ ಹೋಗಬೇಕಿಲ್ಲ. ಆದರೆ ಜೀವಕ್ಕೆ ಅಪಾಯವಿರುವ ಮಾತನ್ನು ಮುಚ್ಚಿಡಲಾಗದು. ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಮಾತು ಬಾಯಿಂದ ಬಂದ ಮೇಲೆ ಹೇಳಿದರೆ ಅದು ದ್ರೋಹವಾಗಿ ಕಾಣುತ್ತದೆ. ಕ್ಲಿನಿಕ್ ಇಲ್ಲದ ಹೊತ್ತಿಗೆ ಟೆಲಿ ಮನಸ್ ಸಹಾಯವಾಣಿ 14416 ಅನ್ನು ಬರೆದುಕೊಡಲಿ.

ಕಾಯಿಲೆ ಮರುಕಳಿಸಿದರೆ ಸಂಬಳ ಸಹಿತ ರಜೆ, ವಾಪಸು ಬಂದಾಗ ಅದೇ ಹುದ್ದೆ. ಇದು ನೇಮಕದ ಆದೇಶದಲ್ಲೇ ಬರೆದಿರಲಿ. ಗೌರವಧನದ ಲೆಕ್ಕದಲ್ಲಿ ತೇಲಿಸಬೇಡಿ.